ಡಿಜಿಟಲ್ ರೇಡಿಯೊ: ಕೊಳ್ಳುವವರು ಯಾರು?

ಕೊಪ್ಪಳದ ಕಾಲೇಜೊಂದರಲ್ಲಿ ನಮ್ಮ ಸಂವಾದ ಕಾರ್ಯಕ್ರಮದ ಚಿತ್ರೀಕರಣ ನಡೆದಿತ್ತು. ಪ್ರಸಾರ ತಂತ್ರಜ್ಞಾನದ ಬಗ್ಗೆ ಚರ್ಚೆ. ಹಿಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಮೈಕು ತೆಗೆದುಕೊಂಡು ಕೇಳಿದಳು: "ಸರ್, ಈಗ ಎಲ್ಲಾರ ಕೈಯಾಗೂ ಮೊಬೈಲ್ ಐತಿ. ಇನ್ನ ರೇಡಿಯೊ ಡಿಜಿಟಲ್ ಆದ್ರೇನು, ಬಿಟ್ರೇನ್ರಿ?" ಸಭೆಯೆಲ್ಲ ನಕ್ಕಿತು. ವೇದಿಕೆಯಲ್ಲಿದ್ದ ತಜ್ಞರು ವಿವರವಾಗಿಯೇ ಉತ್ತರಿಸಿದರು. ಆದರೆ ಕಾರ್ಯಕ್ರಮದ ಅವಧಿ ಅರ್ಧ ಗಂಟೆ. ಸಂಕಲನದ ಮೇಜಿನಲ್ಲಿ ಆ ಪ್ರಶ್ನೆಯನ್ನೂ ಉತ್ತರವನ್ನೂ ನಾನೇ ಕತ್ತರಿಸಿದೆ. ಆ ಋಣವನ್ನು ಈ ಪುಟಗಳಲ್ಲಿ ತೀರಿಸಲು ಯತ್ನಿಸುತ್ತೇನೆ.

ಡಿಜಿಟಲ್ ರೇಡಿಯೊ ಎಂದರೇನು ಎಂಬುದನ್ನು ಮೊದಲು ನೋಡೋಣ. ನಿಮ್ಮ ಅಜ್ಜನ ಟ್ರಾನ್ಸಿಸ್ಟರಿನಲ್ಲಿ ಹಾಡು ಬರುತ್ತಿದ್ದುದು ಹೇಗೆ? ಧ್ವನಿಯ ಏರಿಳಿತಕ್ಕೆ ತಕ್ಕಂತೆ ರೇಡಿಯೊ ತರಂಗದ ಎತ್ತರವೂ ಏರಿಳಿಯುತ್ತಿತ್ತು. ಅದು ಎ.ಎಂ. ಎತ್ತರದ ಬದಲು ಕಂಪನಾಂಕ ಏರಿಳಿದರೆ ಅದು ಎಫ್.ಎಂ. ಎರಡರಲ್ಲೂ ತರಂಗವು ಧ್ವನಿಯ ನೆರಳಿನಂತೆ ಕುಣಿಯುತ್ತದೆ. ಡಿಜಿಟಲ್ ಪದ್ಧತಿಯಲ್ಲಿ ಹಾಗಲ್ಲ. ಅಲ್ಲಿ ಧ್ವನಿಯನ್ನು ಮೊದಲು ಅಂಕಿಗಳಾಗಿ ಬರೆದುಕೊಳ್ಳುತ್ತಾರೆ. ಒಂದು ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿರುತ್ತಾರೆ. ಎಡ ಬಲ ಎರಡೂ ಕಿವಿಗೆ ಸೇರಿ ಸೆಕೆಂಡಿಗೆ ಹದಿನಾಲ್ಕು ಲಕ್ಷ ಬಿಟ್‌ಗಳು! ಇಷ್ಟೊಂದನ್ನು ಮಧ್ಯಮ ತರಂಗದ ಕಿರಿದಾದ ಓಣಿಯಲ್ಲಿ ಸಾಗಿಸುವುದು ಆಗದ ಮಾತು. ಅಲ್ಲಿ ಒಂದು ಕೇಂದ್ರಕ್ಕೂ ಮತ್ತೊಂದಕ್ಕೂ ಇರುವ ಅಂತರ ಬರೇ 9 ಕಿಲೊಹರ್ಟ್ಸ್.

ಆಗ ನೆರವಿಗೆ ಬರುವುದು ನಮ್ಮ ಕಿವಿಯ ದೌರ್ಬಲ್ಯ. ಗಂಗಾವತಿಯ ಅಕ್ಕಿ ಗಿರಣಿಯೊಳಗೆ ನಿಂತಾಗ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸುತ್ತದೆಯೇ? ಇಲ್ಲ. ಜೋರಾದ ಸದ್ದು ಸಣ್ಣ ಸದ್ದನ್ನು ಮರೆಮಾಡುತ್ತದೆ. ಕೇಳಿಸದೇ ಇರುವ ಗಡಿಯಾರವನ್ನು ಕಳುಹಿಸುವುದೇಕೆ ಎಂದು ಅದನ್ನು ಬಿಟ್ಟುಬಿಡುವ ಲೆಕ್ಕಾಚಾರವೇ ಧ್ವನಿ ಸಂಕೋಚನ. ಹೀಗೆ ಸೋಸಿ ಸೋಸಿ ಸೆಕೆಂಡಿಗೆ ಇಪ್ಪತ್ತು ಸಾವಿರ ಬಿಟ್‌ಗಳ ಆಸುಪಾಸಿಗೆ ಇಳಿಸಿದರೂ ಮಾತು ಸ್ಪಷ್ಟವಾಗಿಯೇ ಉಳಿಯುತ್ತದೆ.

ಇನ್ನು ಸಾಗಣೆ. ನೂರು ಚೀಲ ಅಕ್ಕಿಯನ್ನು ಒಂದೇ ಲಾರಿಗೆ ಹೇರುವ ಬದಲು ನೂರು ಚಿಕ್ಕ ಗಾಡಿಗಳಿಗೆ ಹಂಚಿ, ಪ್ರತಿ ಗಾಡಿಯಲ್ಲೂ ಉಳಿದವುಗಳ ಲೆಕ್ಕದ ಚೀಟಿ ಇಟ್ಟಂತೆ ಎಂದುಕೊಳ್ಳಿ. ದಾರಿಯಲ್ಲಿ ನಾಲ್ಕು ಗಾಡಿ ಮಗುಚಿದರೂ ಚೀಟಿಗಳನ್ನು ನೋಡಿ ಏನು ಹೋಯಿತೆಂದು ಲೆಕ್ಕಹಾಕಿ ತುಂಬಿಕೊಳ್ಳಬಹುದು. (ಅಕ್ಕಿಯನ್ನು ಹಾಗೆ ತುಂಬಿಕೊಳ್ಳಲು ಬಾರದು, ಅಂಕಿಗಳನ್ನು ಬರುತ್ತದೆ.) ಗುಡುಗು, ಮಿಂಚು, ಪಂಪ್‌ಸೆಟ್ಟಿನ ಕಿಡಿ, ಇವೆಲ್ಲ ಹಳೆಯ ಸೆಟ್ಟಿನಲ್ಲಿ ಗೊರಗೊರ ಎನ್ನುತ್ತಿದ್ದವು. ಡಿಜಿಟಲ್ ಸೆಟ್ಟು ಅವನ್ನು ಸರಿಪಡಿಸಿಕೊಳ್ಳುತ್ತದೆ.

ಆದರೆ ಒಂದು ಎಚ್ಚರಿಕೆ. ಸರಿಪಡಿಸುವುದಕ್ಕೂ ಒಂದು ಮಿತಿ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರನ್ನು ಕೇಳಿದರೆ ನೀರು ದೂರ ಹೋದಷ್ಟೂ ಹೇಗೆ ಕಡಿಮೆಯಾಗುತ್ತದೆ ಎಂದು ಹೇಳುತ್ತಾರೆ. ಹಳೆಯ ರೇಡಿಯೊ ಹಾಗೆ. ದೂರ ಹೋದಂತೆ ಧ್ವನಿ ಸಣ್ಣಗಾಗಿ, ಗೊರಗೊರ ಹೆಚ್ಚಾಗಿ, ಆದರೂ ಕಿವಿ ಹಚ್ಚಿದವನಿಗೆ ಏನೋ ಒಂದಿಷ್ಟು ದಕ್ಕುತ್ತಿತ್ತು. ಡಿಜಿಟಲ್ ಕಾಲುವೆಯಲ್ಲಿ ಒಂದು ಗಡಿಯವರೆಗೆ ತುಂಬು ನೀರು, ಅದರಾಚೆಗೆ ಹನಿಯೂ ಇಲ್ಲ.

ನಮ್ಮ ದೇಶದಲ್ಲಿ ಇದೇನೂ ಬರಲಿರುವ ವಿಷಯವಲ್ಲ, ಬಂದು ಬಹಳ ಕಾಲವಾಯಿತು. ಆಕಾಶವಾಣಿ ಆರಿಸಿಕೊಂಡದ್ದು ಡಿ.ಆರ್.ಎಂ. ಎಂಬ ಪದ್ಧತಿಯನ್ನು. 2009ರಲ್ಲಿ ದೆಹಲಿಯ ಹ್ರಸ್ವ ತರಂಗ ಪ್ರೇಷಕದಿಂದ ಅದರ ಪ್ರಸಾರ ಆರಂಭವಾಯಿತು. ಮುಂದಿನ ದಶಕದಲ್ಲಿ ಮೂವತ್ತಕ್ಕೂ ಹೆಚ್ಚು ಮಧ್ಯಮ ತರಂಗ ಪ್ರೇಷಕಗಳು ಡಿಜಿಟಲ್ ಸಾಮರ್ಥ್ಯ ಪಡೆದವು. 612 ಕಿಲೊಹರ್ಟ್ಸ್‌ನ ಬೆಂಗಳೂರು ಅವುಗಳಲ್ಲಿ ಒಂದು. ಬಿತ್ತರಿಸುವವರಿಗೆ ಲಾಭವೂ ಇದೆ: ಕಡಿಮೆ ವಿದ್ಯುತ್ತಿನಲ್ಲಿ ಅಷ್ಟೇ ದೂರ, ಒಂದೇ ಕಂಪನಾಂಕದಲ್ಲಿ ಒಂದಕ್ಕಿಂತ ಹೆಚ್ಚು ಕಾರ್ಯಕ್ರಮ.

ಕೇಳುವವನಿಗೆ ಏನು ಲಾಭ? ಇಲ್ಲಿಯೇ ತೊಡಕು. ಡಿ.ಆರ್.ಎಂ. ಸೆಟ್ಟುಗಳು ಮಾರುಕಟ್ಟೆಗೆ ಬಂದಾಗ ಒಂದರ ಬೆಲೆ ಹತ್ತು ಸಾವಿರ ರೂಪಾಯಿಗೂ ಮೇಲಿತ್ತು. ಅದೇ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಎಫ್.ಎಂ. ಸೆಟ್ಟು ಸಿಗುತ್ತಿತ್ತು. ಸಾಲದ್ದಕ್ಕೆ ಹಳೆಯ ಟ್ರಾನ್ಸಿಸ್ಟರು ಎರಡು ಸೆಲ್ಲಿನಲ್ಲಿ ವಾರಗಟ್ಟಲೆ ಹಾಡಿದರೆ, ಅಂಕಿ ಬಿಡಿಸುವ ಈ ಹೊಸ ಸೆಟ್ಟಿಗೆ ವಿದ್ಯುತ್ತಿನ ಹಸಿವು ಹೆಚ್ಚು. ಕೊಳ್ಳುವವರಿಲ್ಲದ್ದರಿಂದ ಸೆಟ್ಟು ತಯಾರಾಗಲಿಲ್ಲ, ಸೆಟ್ಟು ತಯಾರಾಗದ್ದರಿಂದ ಬೆಲೆ ಇಳಿಯಲಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಹಾಗೆ.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಬ್ರಿಟನ್ನಿನಲ್ಲಿ ಬಿ.ಬಿ.ಸಿ. 1995ರಲ್ಲೇ ಡಿಜಿಟಲ್ ರೇಡಿಯೊ ಪ್ರಸಾರ ಆರಂಭಿಸಿತು. ಅಲ್ಲಿನ ಒಟ್ಟು ರೇಡಿಯೊ ಆಲಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಡಿಜಿಟಲ್ ಆದದ್ದು 2018ರಲ್ಲಿ, ಅದೂ ಟಿ.ವಿ. ಮತ್ತು ಇಂಟರ್ನೆಟ್ ಮೂಲಕ ಕೇಳುವುದನ್ನೂ ಸೇರಿಸಿಕೊಂಡು. ನಾರ್ವೆಯವರು ಅಷ್ಟು ಕಾಯಲಿಲ್ಲ. 2017ರಲ್ಲಿ ರಾಷ್ಟ್ರೀಯ ವಾಹಿನಿಗಳ ಎಫ್.ಎಂ. ಪ್ರಸಾರವನ್ನೇ ನಿಲ್ಲಿಸಿ ಜನ ಹೊಸ ಸೆಟ್ಟು ಕೊಳ್ಳಲೇಬೇಕಾದ ಸ್ಥಿತಿ ತಂದರು. ಅದನ್ನು ಮನವೊಲಿಸುವುದು ಎನ್ನಲಾದೀತೇ? ನನಗಂತೂ ಹಾಗೆನ್ನಿಸುವುದಿಲ್ಲ. ಎಫ್.ಎಂ. ಕಥೆಯೂ ಬೇರೆಯಲ್ಲ. ಅಮೆರಿಕದ ಆರ್ಮ್‌ಸ್ಟ್ರಾಂಗ್ ಅದಕ್ಕೆ ಪೇಟೆಂಟ್ ಪಡೆದದ್ದು 1933ರಲ್ಲಿ. ಅಲ್ಲಿನ ಕೇಳುಗರಲ್ಲಿ ಎಫ್.ಎಂ.ನವರು ಎ.ಎಂ.ನವರನ್ನು ಮೀರಿಸಿದ್ದು 1970ರ ದಶಕದ ಕೊನೆಗೆ.

ನಮ್ಮ ನಾಡಿನದೇ ಇನ್ನೊಂದು ಉದಾಹರಣೆ ಇದೆ. ನಿಮ್ಮಲ್ಲಿ ಹೆಚ್ಚಿನವರು ಹುಟ್ಟುವ ಮೊದಲಿನದು. ವರ್ಲ್ಡ್‌ಸ್ಪೇಸ್ ಎಂಬ ಕಂಪನಿ 2000ನೇ ಇಸವಿಯಲ್ಲಿ ಏಷ್ಯಾಸ್ಟಾರ್ ಉಪಗ್ರಹವನ್ನು ಹಾರಿಸಿ, ಆಕಾಶದಿಂದಲೇ ನೇರವಾಗಿ ಡಿಜಿಟಲ್ ರೇಡಿಯೊ ಬಿತ್ತರಿಸತೊಡಗಿತು. ಭಾರತದಲ್ಲಿ ಅದರ ನೆಲೆ ಬೆಂಗಳೂರು. ಶಾಸ್ತ್ರೀಯ ಸಂಗೀತಕ್ಕೆ, ಜಾಜ್‌ಗೆ, ಹಳೆಯ ಚಿತ್ರಗೀತೆಗಳಿಗೆ ಬೇರೆ ಬೇರೆ ವಾಹಿನಿಗಳಿದ್ದವು. ಕನ್ನಡಕ್ಕೆ 'ಸ್ಪರ್ಶ' ಎಂಬ ವಾಹಿನಿಯೇ ಇತ್ತು. ಎ.ಆರ್. ರೆಹಮಾನ್ ಅದರ ಸಂಕೇತ ರಾಗ ರಚಿಸಿದ್ದರು. ಧ್ವನಿಯ ಬಗ್ಗೆ ದೂರಿದವರನ್ನು ನಾನು ಕಂಡಿಲ್ಲ. ಆದರೂ ಕಂಪನಿ 2008ರಲ್ಲಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ರಂದು ಭಾರತದಲ್ಲಿ ಪ್ರಸಾರ ನಿಂತಿತು. ಚಂದಾ ಕಟ್ಟಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಮನೆಗಳ ಸೆಟ್ಟುಗಳು ಒಂದೇ ರಾತ್ರಿಯಲ್ಲಿ ಮೂಕವಾದವು. 

ಅದು ಸೋತದ್ದೇಕೆ? ಸೆಟ್ಟಿಗೂ ಹಣ, ಕೇಳುವುದಕ್ಕೂ ಹಣ. ಆ್ಯಂಟೆನಾಕ್ಕೆ ತೆರೆದ ಆಕಾಶ ಕಾಣಬೇಕು, ಆದ್ದರಿಂದ ಅದನ್ನು ಕಿಟಕಿಗೆ ಕಟ್ಟಿಹಾಕಬೇಕು. ಹಾದಿಯಲ್ಲಿ, ಕಾರಿನಲ್ಲಿ ಕೇಳುವಂತಿರಲಿಲ್ಲ. ಅಷ್ಟರಲ್ಲಿ ಬೆಂಗಳೂರಿಗೆ 2001ರಲ್ಲೇ ಖಾಸಗಿ ಎಫ್.ಎಂ. ಬಂದಿತ್ತು, ಪುಕ್ಕಟೆಯಾಗಿ, ಊರಿನದೇ ಮಾತಿನಲ್ಲಿ.

ಇದಕ್ಕೆ ಎದುರಾಗಿ ಇನ್ನೊಂದನ್ನು ಇಟ್ಟು ನೋಡಿ. ದೂರದರ್ಶನದ ಉಚಿತ ಡಿಶ್ ಸೇವೆ 2004ರ ಡಿಸೆಂಬರಿನಲ್ಲಿ ಶುರುವಾಯಿತು. ಅದೂ ಉಪಗ್ರಹದಿಂದ ಬರುವ ಡಿಜಿಟಲ್ ಪ್ರಸಾರವೇ. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಮಾಳಿಗೆಯ ಮೇಲೆ ಬಿಳಿಯ ತಟ್ಟೆಗಳನ್ನು ನೀವು ನೋಡಿಯೇ ಇರುತ್ತೀರಿ. 'ಡಿಜಿಟಲ್' ಎಂಬ ಪದಕ್ಕೆ ಮರುಳಾಗಿ ಅದನ್ನು ಕೊಂಡವರು ಯಾರೂ ಇರಲಾರರು. ಒಮ್ಮೆ ಹಣ ಕೊಟ್ಟರೆ ಸಾಕು, ತಿಂಗಳ ಬಾಡಿಗೆ ಇಲ್ಲ, ಮೊದಲು ಕಾಣದಿದ್ದ ವಾಹಿನಿಗಳು ಕಾಣುತ್ತವೆ ಎಂದು ಕೊಂಡರು. ತಮಾಷೆ ಏನೆಂದರೆ, ಅದೇ ತಟ್ಟೆಯಲ್ಲಿ ಆಕಾಶವಾಣಿಯ ಹತ್ತಾರು ವಾಹಿನಿಗಳೂ ಇಳಿಯುತ್ತವೆ. ಅಂದರೆ ನಿಮ್ಮ ಮನೆಗೆ ಡಿಜಿಟಲ್ ರೇಡಿಯೊ ಯಾವಾಗಲೋ ಬಂದಾಗಿದೆ, ಹೆಸರು ಹೇಳಿಕೊಳ್ಳದೆ! ನಾನು ದೂರದರ್ಶನದ ಕಾರ್ಯಕ್ರಮ ಮಾಡುವವನಾದ್ದರಿಂದ ಇದನ್ನು ಹೊಗಳುತ್ತೇನೆ ಎಂದು ತಿಳಿಯಬೇಡಿ. ಟಿ.ವಿ.ಯ ಮುಂದೆ ಕುಳಿತು ರೇಡಿಯೊ ಕೇಳುವುದು ಎತ್ತಿನ ಗಾಡಿಯನ್ನು ಲಾರಿಯ ಮೇಲೆ ಹೇರಿದಂತೆ.

ಹಾಗಾದರೆ ಈ ತಾಲ್ಲೂಕುಗಳಿಗೆ ರೇಡಿಯೊ ಬೇಕೋ ಬೇಡವೋ? ಇಲ್ಲಿನ ನೆಲವನ್ನು ನೋಡಿ. ಹೊಸಪೇಟೆ ಆಕಾಶವಾಣಿ 100.5 ಮೆಗಾಹರ್ಟ್ಸ್‌ನಲ್ಲಿ ಕೇಳಿಸುತ್ತದೆ. ಆ ತರಂಗದ ಉದ್ದ ಮೂರು ಮೀಟರು. ಇಷ್ಟು ಗಿಡ್ಡ ತರಂಗ ಬೆಳಕಿನಂತೆ ಬಹುಮಟ್ಟಿಗೆ ನೇರ ಹೋಗುತ್ತದೆ. ಆನೆಗೊಂದಿಯ ಬಂಡೆಗುಡ್ಡಗಳು ಅಡ್ಡ ಬಂದರೆ ಆಚೆಗೆ ನೆರಳು ಬೀಳುತ್ತದೆ. 612 ಕಿಲೊಹರ್ಟ್ಸ್‌ನ ತರಂಗದ ಉದ್ದ 490 ಮೀಟರು. ಅದು ನೆಲಕ್ಕೆ ಅಂಟಿಕೊಂಡು ಗುಡ್ಡಗಳನ್ನು ಬಳಸಿ ಸಾಗುತ್ತದೆ. ನಾನು ಹುಡುಗನಾಗಿದ್ದಾಗ ಕುಷ್ಟಗಿ ಕಡೆಯ ನಮ್ಮ ಹಳ್ಳಿಯಲ್ಲಿ ನೂರು ಕಿಲೊಮೀಟರಿಗೂ ದೂರದ ಧಾರವಾಡ ಹಗಲಿನಲ್ಲೇ ಸ್ವಚ್ಛವಾಗಿ ಕೇಳುತ್ತಿತ್ತು. ಕತ್ತಲಾದ ಮೇಲೆ ಯಾವ ಯಾವುದೋ ಭಾಷೆಗಳು ನುಗ್ಗಿ ಬರುತ್ತಿದ್ದವು. ಹಗಲಿನಲ್ಲಿ ಈ ತರಂಗಗಳನ್ನು ನುಂಗುವ ಅಯಾನುಗೋಳದ ಕೆಳಪದರ ರಾತ್ರಿ ಮಾಯವಾಗಿ, ಮೇಲ್ಪದರ ಅವನ್ನು ಕನ್ನಡಿಯಂತೆ ನೆಲಕ್ಕೆ ಮರಳಿಸುತ್ತದೆ ಎಂಬುದನ್ನು ಬಿ.ಎಸ್‌ಸಿ. ಓದುವಾಗ ತಿಳಿದೆ. ಅಪ್ಪನಿಗೆ ಅದೆಲ್ಲ ಬೇಕಿರಲಿಲ್ಲ. ಅವರಿಗೆ ಬೇಕಾದದ್ದು ಮಳೆ, ಪೇಟೆಯ ಧಾರಣೆ, ಪ್ರದೇಶ ಸಮಾಚಾರ.

ಆ ಮೂರೂ ಈಗ ಮೊಬೈಲಿನಲ್ಲಿ ಸಿಗುತ್ತವೆ, ಒಪ್ಪಿದೆ. ಈಗ 2024ರ ಆಗಸ್ಟ್ 10ರ ರಾತ್ರಿಯನ್ನು ನೆನಪಿಸಿಕೊಳ್ಳಿ. ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ ಸುಮಾರು ಒಂದು ಲಕ್ಷ ಕ್ಯೂಸೆಕ್ ನೀರನ್ನು ನದಿಗೆ ಬಿಡಬೇಕಾಯಿತು. ತಾತ್ಕಾಲಿಕ ಗೇಟು ಕೂರಿಸಲು ಹೆಚ್ಚುಕಡಿಮೆ ಒಂದು ವಾರ ಹಿಡಿಯಿತು. ಕೆಳಗೆ ನದಿಯಂಚಿನಲ್ಲಿ ಕೊಪ್ಪಳ, ಗಂಗಾವತಿ ಭಾಗದ ಊರುಗಳಿವೆ. ಇಂತಹ ಮಧ್ಯರಾತ್ರಿಯಲ್ಲಿ ಸುದ್ದಿ ಮುಟ್ಟಿಸುವುದು ಹೇಗೆ? ಮೊಬೈಲ್ ಗೋಪುರಕ್ಕೆ ವಿದ್ಯುತ್ ಬೇಕು, ಅದರ ಬ್ಯಾಟರಿ ಕೆಲವು ಗಂಟೆಗಳದ್ದು. ಎಲ್ಲರೂ ಒಮ್ಮೆಲೇ ಕರೆ ಮಾಡಿದರೆ ಜಾಲ ಕಟ್ಟಿಕೊಳ್ಳುತ್ತದೆ. ರೇಡಿಯೊದಲ್ಲಿ ಈ ತೊಂದರೆ ಇಲ್ಲ. ಹತ್ತು ಜನ ಕೇಳಲಿ, ಹತ್ತು ಲಕ್ಷ ಜನ ಕೇಳಲಿ, ಪ್ರೇಷಕಕ್ಕೆ ಎರಡೂ ಒಂದೇ. ಆ ಪ್ರೇಷಕ ನೂರಾರು ಕಿಲೊಮೀಟರು ದೂರ, ಪ್ರವಾಹ ಮುಟ್ಟದ ಜಾಗದಲ್ಲಿ ಇರಬಹುದು. ಡಿ.ಆರ್.ಎಂ.ನಲ್ಲಿ ಇನ್ನೂ ಒಂದು ಏರ್ಪಾಡಿದೆ: ಎಚ್ಚರಿಕೆಯ ಸಂಕೇತ ಬಂದೊಡನೆ, ಅದಕ್ಕೆಂದು ಸಜ್ಜಾದ ಸೆಟ್ಟು ನೀವು ಕೇಳುತ್ತಿರುವ ಹಾಡನ್ನು ಬಿಟ್ಟು ಎಚ್ಚರಿಕೆಯ ವಾಹಿನಿಗೆ ತಾನೇ ಹೊರಳುತ್ತದೆ, ಪರದೆಯ ಮೇಲೆ ಅಕ್ಷರಗಳನ್ನೂ ತೋರಿಸುತ್ತದೆ. ಆದರೆ ಆ ಸೆಟ್ಟು ನದಿಯಂಚಿನ ಮನೆಯಲ್ಲಿ ಇರಬೇಕಲ್ಲ! ಅದು ಇರುವುದು ಕಾರುಗಳಲ್ಲಿ. ಕೆಲವು ವರ್ಷಗಳಿಂದ ನಮ್ಮ ದೇಶದಲ್ಲಿ ಮಾರಾಟವಾಗುವ ಅನೇಕ ಹೊಸ ಕಾರುಗಳಲ್ಲಿ ಡಿ.ಆರ್.ಎಂ. ಕಾರ್ಖಾನೆಯಲ್ಲೇ ಅಳವಟ್ಟು ಬರುತ್ತಿದೆ. ಅದು ಇದೆಯೆಂದು ಮಾಲೀಕರಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ.

ಆದ್ದರಿಂದ ಆ ವಿದ್ಯಾರ್ಥಿನಿಗೆ ನನ್ನ ಉತ್ತರ ಇದು. ಡಿಜಿಟಲ್ ರೇಡಿಯೊವನ್ನು ಪೆಟ್ಟಿಗೆಯಾಗಿ ಮಾರಿದರೆ ಈ ತಾಲ್ಲೂಕುಗಳಲ್ಲಿ ಯಾರೂ ಕೊಳ್ಳುವುದಿಲ್ಲ, ಕೊಳ್ಳಬೇಕಾಗಿಯೂ ಇಲ್ಲ. ನಿಮ್ಮ ಕೈಯಲ್ಲಿರುವ ಮೊಬೈಲಿನೊಳಗೇ, ಡೇಟಾ ಇಲ್ಲದೆ, ಗೋಪುರ ಇಲ್ಲದೆ ಕೇಳುವಂತೆ ಅದು ಬಂದರೆ ಮಾತ್ರ ಗೆಲ್ಲುತ್ತದೆ. ಮೊಬೈಲಿನ ಎಫ್.ಎಂ. ಹಾಗೆಯೇ ಗೆದ್ದಿತ್ತು, ಇಯರ್‌ಫೋನಿನ ತಂತಿಯೇ ಅದಕ್ಕೆ ಆ್ಯಂಟೆನಾ. ತಯಾರಕರು ಅದನ್ನೂ ಕೈಬಿಡತೊಡಗಿದಾಗ, ಎಫ್.ಎಂ. ಸೌಲಭ್ಯ ಉಳಿಸಿಕೊಳ್ಳಿ ಎಂದು ಕೇಂದ್ರ ಸರ್ಕಾರ 2023ರ ಏಪ್ರಿಲಿನಲ್ಲಿ ಸೂಚಿಸಬೇಕಾಯಿತು.

ಖಾಸಗಿ ಕೇಂದ್ರಗಳ ಡಿಜಿಟಲ್ ಪ್ರಸಾರದ ಬಗ್ಗೆ ಟ್ರಾಯ್ 2025ರ ಅಕ್ಟೋಬರಿನಲ್ಲಿ ಶಿಫಾರಸು ನೀಡಿದೆ. ಒಂದೇ ಕಂಪನಾಂಕದಲ್ಲಿ ಹಳೆಯ ಎಫ್.ಎಂ. ಜೊತೆಗೆ ಮೂರು ಡಿಜಿಟಲ್ ವಾಹಿನಿ, ಮೊದಲಿಗೆ ಹದಿಮೂರು ನಗರಗಳಲ್ಲಿ. ಕರ್ನಾಟಕದಿಂದ ಆ ಪಟ್ಟಿಯಲ್ಲಿರುವುದು ಬೆಂಗಳೂರು ಮಾತ್ರ. ಹಳೆಯ ಪದ್ಧತಿಯನ್ನು ಎಂದು ನಿಲ್ಲಿಸಬೇಕು ಎಂಬುದನ್ನು ಮುಂದೆ, ಡಿಜಿಟಲ್ ಎಷ್ಟು ಹಬ್ಬಿತೆಂದು ನೋಡಿಕೊಂಡು ತೀರ್ಮಾನಿಸಬೇಕು ಎಂದಿದೆ. ಹಾಗೆ ನೋಡುವಾಗ ಬೆಂಗಳೂರಿನ ಕಾರುಗಳನ್ನು ಎಣಿಸುವವರು ಇರುತ್ತಾರೆ. ಭಾಗ್ಯನಗರದ ಮಗ್ಗದ ಪಕ್ಕದ ರೇಡಿಯೊವನ್ನು, ಕುರಿ ಕಾಯುವವರ ಹೆಗಲಿಗೆ ನೇತಾಡುವ ಸೆಟ್ಟನ್ನು ಎಣಿಸುವವರು ಯಾರು?

ಅದನ್ನು ನೀವೇ ಮಾಡಬಹುದು. ಮುಂದಿನ ಭಾನುವಾರ ನಿಮ್ಮ ಓಣಿಯ ಐವತ್ತು ಮನೆಗಳಿಗೆ ಹೋಗಿ. ನಡೆಯುವ ರೇಡಿಯೊ ಎಷ್ಟು, ಅದರಲ್ಲಿ ಮಧ್ಯಮ ತರಂಗ ಕೇಳುವವು ಎಷ್ಟು, ಎಫ್.ಎಂ. ಇರುವ ಮೊಬೈಲು ಎಷ್ಟು, ಕೊನೆಯದಾಗಿ ಕೇಳಿದ್ದು ಯಾವಾಗ, ಕೇಳಿದವರ ವಯಸ್ಸೆಷ್ಟು, ಇಷ್ಟನ್ನು ಬರೆದುಕೊಳ್ಳಿ. ಊರಿನ ಹೆಸರು, ತಾಲ್ಲೂಕು ಮರೆಯಬೇಡಿ. ಟ್ರಾಯ್ ಸಮಾಲೋಚನಾ ಪತ್ರ ಹೊರಡಿಸಿದಾಗ ಯಾರು ಬೇಕಾದರೂ ಲಿಖಿತ ಅಭಿಪ್ರಾಯ ಕಳುಹಿಸಬಹುದು, ವಿದ್ಯಾರ್ಥಿಗಳೂ ಸಹ. ಒಂದು ಪ್ರತಿಯನ್ನು ನಮ್ಮ ಕಾರ್ಯಕ್ರಮಕ್ಕೂ ಕಳುಹಿಸಿ. ಈ ಸಲ ಸಂಕಲನದಲ್ಲಿ ಕತ್ತರಿಸುವುದಿಲ್ಲ.