ಕಾಣದವರೊಡನೆ ವಾದ, ಕೈಯಲ್ಲಿನ ಮಾತ್ರೆ

ಹದಿನೈದು ವರ್ಷಗಳ ಹಿಂದೆ ದೇವರ ಹಿಪ್ಪರಗಿಯ ನನ್ನ ದವಾಖಾನೆಗೆ ಬರುತ್ತಿದ್ದ ರೋಗಿಗಳು ಕುಳಿತ ಕೂಡಲೇ ತಮ್ಮ ಬೇನೆ ಹೇಳುತ್ತಿದ್ದರು. ಈಗ ಹಲವರು ಮೊದಲು ಕಿಸೆಯಿಂದ ಮೊಬೈಲ್ ತೆಗೆಯುತ್ತಾರೆ. "ಇದನ್ನಷ್ಟು ನೋಡ್ರಿ ಸಾಹೇಬ್ರ, ಹಿಂಗಂತ ಬಂದೈತಿ. ಖರೇನ್ರಿ?" ಎಂದು ಕೇಳುತ್ತಾರೆ. ಹೀಗೆ ಕೇಳುವವರ ಬಗ್ಗೆ ನನಗೆ ಚಿಂತೆಯಿಲ್ಲ. ಯಾರನ್ನೂ ಕೇಳದೆ, ಮೊಬೈಲಿನಲ್ಲಿ ಬಂದದ್ದನ್ನು ನಂಬಿ ಮನೆಯಲ್ಲೇ ತೀರ್ಮಾನ ಮಾಡಿಬಿಡುವವರ ಬಗ್ಗೆ ಮಾತ್ರ ಇತ್ತೀಚೆಗೆ ಬಹಳ ಚಿಂತೆಯಾಗುತ್ತಿದೆ.

ಅಂಥವರೊಬ್ಬರ ಸಂಗತಿಯನ್ನು ಇಲ್ಲಿ ಹೇಳಬೇಕು. ಜೋಳ, ತೊಗರಿ ಬೆಳೆಯುವ ಅರವತ್ತರ ಆಸುಪಾಸಿನ ರೈತ. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಾತ್ರೆ, ಪಥ್ಯ, ನಡಿಗೆ ಎಲ್ಲವೂ ಕ್ರಮವಾಗಿದ್ದವರು. ನಾಲ್ಕು ತಿಂಗಳು ಅವರ ಸುಳಿವಿರಲಿಲ್ಲ. ಒಂದು ಮುಂಜಾನೆ ಮಗ ಕೈಹಿಡಿದು ಕರೆತಂದ. ಬಲಗಾಲಿನ ಕಿರುಬೆರಳು ಕಪ್ಪಾಗಿತ್ತು, ವಾಸನೆ ಬರುತ್ತಿತ್ತು. ರಕ್ತದಲ್ಲಿ ಸಕ್ಕರೆ 400 ದಾಟಿತ್ತು. ಹೊಲದಲ್ಲಿ ಚುಚ್ಚಿದ ಮುಳ್ಳು ಅವರ ಗಮನಕ್ಕೇ ಬಂದಿರಲಿಲ್ಲ.

"ಗುಳಿಗಿ ಬಿಟ್ಟು ಮೂರು ತಿಂಗಳಾತ್ರಿ. ಗುಳಿಗಿ ತಿಂದ್ರ ಕಿಡ್ನಿ ಹೊಕ್ಕಾವಂತ ಮೊಬೈಲ್‌ದಾಗ ಬಂದಿತ್ರಿ."

"ಯಾರು ಹೇಳಿದ್ರು?"

"ಅವ ಯಾರಂತ ಗೊತ್ತಿಲ್ರಿ. ಆದ್ರ ಭಾಳ ಮಂದಿ ಹೌದು ಹೌದು ಅಂದ್ರು. ನೀವೂ ಅಲ್ಲೇ ಇದ್ರೆಲ್ರಿ ಸಾಹೇಬ್ರ."

ಹೌದು, ನಾನೂ ಅಲ್ಲಿದ್ದೆ. ಸುತ್ತಲಿನ ಊರುಗಳ ನೂರಾರು ಜನರಿದ್ದ ಒಂದು ವಾಟ್ಸ್‌ಆ್ಯಪ್ ಗುಂಪು ಅದು. ಮಾತ್ರೆ ಬಿಟ್ಟು ಕಷಾಯ ಕುಡಿಯಿರಿ ಎಂದು ಬರೆದ ಅಪರಿಚಿತನೊಡನೆ ನಾನು ಒಂದು ರಾತ್ರಿ ಹನ್ನೆರಡರವರೆಗೆ ವಾದಿಸಿದ್ದೆ. ಅವನ ಓದನ್ನು ಹಂಗಿಸಿದ್ದೆ, ಮೂರ್ಖ ಎಂದೂ ಬರೆದಿದ್ದೆ. ಕೊನೆಗೆ ಆತ ಸುಮ್ಮನಾದ. ಗೆದ್ದೆನೆಂಬ ಸಮಾಧಾನದಿಂದ ನಾನು ಮಲಗಿದೆ. ಅದನ್ನೆಲ್ಲ ಈ ರೈತರು ಒಂದು ಮಾತೂ ಆಡದೆ ಓದುತ್ತ ಕುಳಿತಿದ್ದರಂತೆ.

"ನೀವು ಅವನಿಗೆ ಭಾಳ ಬೈದ್ರಿ. ಆದ್ರ ಕಿಡ್ನಿ ಯಾಕ ಹೋಗಂಗಿಲ್ಲ ಅಂತ ಒಂದ್ಸಲನೂ ಹೇಳ್ಲಿಲ್ರಿ" ಎಂದರು.

ವಿಜಯಪುರದಲ್ಲಿ ಅವರ ಬೆರಳನ್ನು ತೆಗೆಯಬೇಕಾಯಿತು. ಕಾಲು ಉಳಿಯಿತು. ಅಂದು ಅವರ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ಈ ಅಂಕಣದಲ್ಲಿ ಕೊಡುತ್ತಿದ್ದೇನೆ.

ಅರ್ಧ ಸತ್ಯದ ಅಪಾಯ

ಮಾತ್ರೆಯಿಂದ ಮೂತ್ರಪಿಂಡ ಕೆಡುತ್ತದೆ ಎಂಬ ಮಾತು ಎಲ್ಲಿಂದ ಹುಟ್ಟಿತು? ಮಧುಮೇಹಕ್ಕೆ ಬಹಳವಾಗಿ ಬಳಸುವ ಮಾತ್ರೆ ಮೆಟ್‌ಫಾರ್ಮಿನ್. ಮೂತ್ರಪಿಂಡದ ಶಕ್ತಿ ಕುಂದಿದವರಿಗೆ ವೈದ್ಯರು ಅದರ ಪ್ರಮಾಣ ಇಳಿಸುತ್ತಾರೆ, ತೀರ ಕುಂದಿದ್ದರೆ ನಿಲ್ಲಿಸುತ್ತಾರೆ. ಈ ಮಾತ್ರೆ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ದಾರಿ ಕಟ್ಟಿದರೆ ಅದು ಒಳಗೇ ಶೇಖರವಾಗುತ್ತದೆ ಎಂಬುದು ಇದಕ್ಕೆ ಕಾರಣ. ನೋಡುವವರಿಗೆ ಮಾತ್ರ "ಕಿಡ್ನಿ ಹೋಯಿತು, ಅದಕ್ಕೇ ಡಾಕ್ಟರು ಗುಳಿಗೆ ಬಿಡಿಸಿದರು" ಎಂದು ಕಾಣುತ್ತದೆ. ನಿಜದಲ್ಲಿ ಮೂತ್ರಪಿಂಡದ ಸೂಕ್ಷ್ಮ ರಕ್ತನಾಳಗಳನ್ನು ವರ್ಷಗಟ್ಟಲೆ ಕೆಡಿಸುವುದು ಹತೋಟಿ ತಪ್ಪಿದ ಸಕ್ಕರೆ ಮತ್ತು ಅದರ ಜೊತೆಗಾರನಾದ ಏರಿದ ರಕ್ತದೊತ್ತಡ. ಮಾತ್ರೆ ಬಿಟ್ಟವರ ಮೂತ್ರಪಿಂಡಕ್ಕೇ ಅಪಾಯ ಹೆಚ್ಚು.

ಇನ್ನೊಂದು ಮಾತು. "ಗುಳಿಗಿ ಬಿಟ್ಟು ಹದಿನೈದು ದಿನ ಆತು, ಏನೂ ಆಗಿಲ್ಲ" ಎಂದು ಹೇಳುವವರುಂಟು. ಸಕ್ಕರೆ ಏರಿದಾಗ ಮೊದಮೊದಲು ನೋವಿರುವುದಿಲ್ಲ. ಸ್ವಲ್ಪ ಬಾಯಾರಿಕೆ, ರಾತ್ರಿ ಎರಡು ಸಲ ಹೆಚ್ಚಿಗೆ ಮೂತ್ರ, ಅಷ್ಟೆ. ಬಹುಕಾಲ ಸಕ್ಕರೆ ಏರಿದ್ದರೆ ಪಾದದ ನರಗಳು ಮರಗಟ್ಟುತ್ತವೆ. ಮುಳ್ಳು ಚುಚ್ಚಿದರೂ ತಿಳಿಯದು, ಗಾಯ ಬೇಗ ಮಾಯದು. ಒಂದು ದಿನದ ರಕ್ತಪರೀಕ್ಷೆ ಇದನ್ನೆಲ್ಲ ಹೇಳಲಾರದು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅದಕ್ಕೆ ಅಂಟಿದ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಲೆಕ್ಕವನ್ನು ಕೊಡುತ್ತದೆ. ಆದ್ದರಿಂದ ಹದಿನೈದು ದಿನದ ಅನುಭವವನ್ನು ಪ್ರಮಾಣವೆಂದು ತಿಳಿಯಬೇಡಿ.

ಲಿಂಬೆಯ ಪಾಠ

ಇಂಡಿಯ ಲಿಂಬೆಯ ಹೆಸರು ಕೇಳದವರಿಲ್ಲ. ಊಟಕ್ಕೆ, ಪಾನಕಕ್ಕೆ, ಉಪ್ಪಿನಕಾಯಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ 2021ರ ಏಪ್ರಿಲ್‌ನಲ್ಲಿ, ಕೊರೊನಾ ಎರಡನೆಯ ಅಲೆಯಲ್ಲಿ ಆಮ್ಲಜನಕಕ್ಕೆ ಹಾಹಾಕಾರವಿದ್ದಾಗ, ಮೂಗಿನಲ್ಲಿ ಲಿಂಬೆ ರಸ ಬಿಟ್ಟುಕೊಂಡರೆ ರಕ್ತದ ಆಮ್ಲಜನಕ ಏರುತ್ತದೆ ಎಂಬ ಮಾತು ನಮ್ಮ ಉತ್ತರ ಕರ್ನಾಟಕದಲ್ಲೆಲ್ಲ ಹಬ್ಬಿತು. ಗಣ್ಯರೊಬ್ಬರು ಬಹಿರಂಗವಾಗಿ ಹೇಳಿದ್ದರಿಂದ ನಂಬಿದವರೂ ಹೆಚ್ಚಾದರು. ಹಾಗೆ ಮಾಡಿಕೊಂಡ ಬಳಿಕ ರಾಯಚೂರು ಜಿಲ್ಲೆಯಲ್ಲಿ ಒಬ್ಬರು ತೀರಿಕೊಂಡರೆಂದು ಪತ್ರಿಕೆಗಳಲ್ಲಿ ವರದಿ ಬಂತು. ಮೂಗಿನ ಲಿಂಬೆಯಿಂದ ಕೊರೊನಾ ಹೋಗುತ್ತದೆಂಬ ಸಂದೇಶ ಸುಳ್ಳೆಂದು ಕೇಂದ್ರ ಸರಕಾರದ ಪಿಐಬಿ ಸ್ಪಷ್ಟಪಡಿಸಬೇಕಾಯಿತು.

ಇಲ್ಲಿ ಶರೀರಶಾಸ್ತ್ರ ಸರಳವಾಗಿದೆ. ಆಮ್ಲಜನಕ ರಕ್ತಕ್ಕೆ ಸೇರುವುದು ಶ್ವಾಸಕೋಶದ ಒಳಗಿನ ಸಣ್ಣ ಸಣ್ಣ ಗಾಳಿಗೂಡುಗಳಲ್ಲಿ. ಮೂಗಿನ ಹೊಳ್ಳೆಯಲ್ಲಿ ಬಿಟ್ಟ ಹನಿಗೂ ಅದಕ್ಕೂ ಸಂಬಂಧವಿಲ್ಲ. ಲಿಂಬೆ ರಸ ಬಲವಾದ ಹುಳಿ. ಮೂಗಿನ ಒಳಪೊರೆ ಉರಿಯುತ್ತದೆ. ಹನಿ ಶ್ವಾಸನಾಳಕ್ಕೆ ಜಾರಿದರೆ ಉಸಿರೇ ಕಟ್ಟಬಹುದು. ಮೂಗು ಉರಿದು ಕಣ್ಣಲ್ಲಿ ನೀರು ಬಂದಾಗ "ಮೂಗು ಬಿಚ್ಚಿತು" ಎನಿಸುತ್ತದೆ. ಆ ಅನಿಸಿಕೆಯನ್ನೇ ಗುಣವೆಂದು ಎಣಿಸಿದವರು ಬಹಳ ಮಂದಿ.

ಅದೇ ದಿನಗಳಲ್ಲಿ ಕೊರೊನಾಕ್ಕೆ 5ಜಿ ಗೋಪುರಗಳು ಕಾರಣ ಎಂಬ ಸಂದೇಶವೂ ಓಡಾಡಿತು. 2021ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ, ದೇಶದಲ್ಲಿ 5ಜಿ ಪರೀಕ್ಷೆಯೇ ಇನ್ನೂ ಶುರುವಾಗಿಲ್ಲ ಎಂದು ತಿಳಿಸಿತು. ಇಲ್ಲದ ಗೋಪುರದಿಂದ ರೋಗ ಬಂತೆಂದು ನಮ್ಮಲ್ಲಿ ಎಷ್ಟೋ ಮಂದಿ ಆಣೆ ಮಾಡಿ ವಾದಿಸಿದ್ದರು.

ಸುಳ್ಳು ಹಬ್ಬುವ ಬಗೆ

ಇದು ಕೊರೊನಾದಿಂದ ಶುರುವಾದದ್ದಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆಯಿತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ಲಸಿಕೆ. ಆಗಲೂ ಮೊಬೈಲಿನಲ್ಲಿ ವದಂತಿಗಳು ಬಂದು ತಾಯಂದಿರು ಹೆದರಿದರು. ದಡಾರ ಮಕ್ಕಳಿಗೆ ನ್ಯುಮೋನಿಯಾ ತರಬಲ್ಲದು. ಬಸುರಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದರೆ ಹುಟ್ಟುವ ಕೂಸಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಬರಬಹುದು. ಸಂದೇಶ ಕಳಿಸಿದವರು ಈ ಮಾತನ್ನು ಬರೆದಿರಲಿಲ್ಲ.

ದಡಾರ ಲಸಿಕೆಯ ಬಗೆಗಿನ ಭಯಕ್ಕೆ ದೊಡ್ಡ ಬೇರು ಇಂಗ್ಲೆಂಡಿನಲ್ಲಿದೆ. 1998ರಲ್ಲಿ ಅಲ್ಲಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ ಕೇವಲ ಹನ್ನೆರಡು ಮಕ್ಕಳನ್ನು ಕುರಿತ ಒಂದು ಬರಹ ಬಂತು. ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಸಂಶಯವನ್ನು ಅದು ಎಬ್ಬಿಸಿತು. ಅದರಲ್ಲಿನ ದೋಷಗಳು ಬಯಲಾಗಿ 2010ರಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಬರಹ ಹೋಯಿತು, ಭಯ ಇನ್ನೂ ಹೋಗಿಲ್ಲ. ಆದ್ದರಿಂದ "ದೊಡ್ಡ ಪತ್ರಿಕೆಯಲ್ಲಿ ಬಂದಿದೆ" ಎಂದರೆ ಸಾಲದು. ಆಮೇಲೆ ಅದಕ್ಕೆ ಏನಾಯಿತು ಎಂದೂ ಕೇಳಬೇಕು.

ವದಂತಿ ಜೀವವನ್ನೇ ತೆಗೆದದ್ದೂ ಉಂಟು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ಮೊಬೈಲ್ ಸಂದೇಶವನ್ನು ನಂಬಿದ ಗುಂಪು ಒಬ್ಬ ಯುವಕನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆ, ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ರವಾನಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಬಹಳ ಕೈ ದಾಟಿ ಬಂದ ಸಂದೇಶಕ್ಕೆ 2020ರ ಏಪ್ರಿಲ್‌ನಲ್ಲಿ ಒಮ್ಮೆಗೆ ಒಂದೇ ಕಡೆ ಎಂಬ ಮಿತಿ ಬಂತು. ಅಂಥ ಸಂದೇಶದ ಮೇಲೆ ಜೋಡಿ ಬಾಣದ ಗುರುತಿರುತ್ತದೆ. ಜೋಡಿ ಬಾಣ ಕಂಡರೆ, ಇದನ್ನು ನಿಮಗೆ ಕಳಿಸಿದ ಅಳಿಯ ಬರೆದದ್ದಲ್ಲ ಎಂದು ತಿಳಿಯಿರಿ. ನಾವು ಅಳಿಯನ ಮೇಲಿನ ನಂಬಿಕೆಯಿಂದ ಗುರುತಿಲ್ಲದವನ ಮಾತನ್ನು ನಂಬುತ್ತೇವೆ.

ನಂಬುವ ಮುಂಚೆ ಐದು ಪ್ರಶ್ನೆ

ಆರೋಗ್ಯದ ವಿಷಯ ಏನೇ ಬಂದರೂ ಈ ಐದು ಪ್ರಶ್ನೆಗಳನ್ನು ಹಾಕಿಕೊಳ್ಳಿ.

ಒಂದು, ಹೇಳಿದವರು ಯಾರು? ಹೆಸರು, ಓದು, ಊರು ಇದೆಯೇ? "ಒಬ್ಬ ದೊಡ್ಡ ಡಾಕ್ಟರು ಹೇಳಿದ್ದಾರೆ" ಎಂಬುದು ಹೆಸರಲ್ಲ.

ಎರಡು, ಎಷ್ಟು ಜನರ ಮೇಲೆ ನೋಡಿದ್ದು? ನಮ್ಮ ಕಾಕಾಗೆ ಗುಣವಾಯಿತು ಎಂಬುದು ಸಂತೋಷದ ಮಾತು, ಸಾಕ್ಷಿಯಲ್ಲ. ನೆಗಡಿ ಏನೂ ಮಾಡದಿದ್ದರೂ ವಾರ ಹತ್ತು ದಿನದಲ್ಲಿ ಹೋಗುತ್ತದೆ. ಆ ದಿನ ಕುಡಿದ ಕಷಾಯಕ್ಕೆ ಕೀರ್ತಿ ಬರುತ್ತದೆ.

ಮೂರು, ಇದರಿಂದ ಯಾರಿಗೆ ಲಾಭ? ಕೊನೆಯಲ್ಲಿ ಒಂದು ಪುಡಿ ಅಥವಾ ಡಬ್ಬಿಯ ಬೆಲೆ ಇದೆಯೇ? ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ ಮುಂತಾದವನ್ನು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ.

ನಾಲ್ಕು, ಏನನ್ನಾದರೂ ನಿಲ್ಲಿಸಲು ಹೇಳುತ್ತಿದೆಯೇ? ಮೆಂತ್ಯ ತಿನ್ನಿ ಎನ್ನುವ ಸಂದೇಶಕ್ಕಿಂತ ಮಾತ್ರೆ ಬಿಡಿ ಎನ್ನುವ ಸಂದೇಶ ಹೆಚ್ಚು ಅಪಾಯದ್ದು. ಇನ್ಸುಲಿನ್, ಫಿಟ್ಸ್, ಹೃದಯ, ರಕ್ತದೊತ್ತಡದ ಔಷಧಗಳನ್ನು ನಿಮ್ಮ ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ.

ಐದು, ಮೂಲವನ್ನು ತೋರಿಸಿದ್ದಾರೆಯೇ? 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ನೋಡಿ. ಒಳ್ಳೆಯ ಲೇಖನದ ಕೆಳಗೆ ಆಧಾರಗಳ ಪಟ್ಟಿ ಇರುತ್ತದೆ. ಪ್ರತಿ ಲೇಖನಕ್ಕೂ ಒಂದು ಚರ್ಚೆಪುಟವಿರುತ್ತದೆ. ಅಲ್ಲೂ ಪರಸ್ಪರ ಗುರುತಿಲ್ಲದವರೇ ವಾದಿಸುತ್ತಾರೆ, ಆದರೆ "ಎಲ್ಲಿದೆ ಆಧಾರ?" ಎಂದು ಕೇಳುವುದು ಅಲ್ಲಿನ ರೂಢಿ. ಹಾಗೆಂದು ಅದರಲ್ಲಿ ತಪ್ಪೇ ಇರುವುದಿಲ್ಲ ಎಂದಲ್ಲ. ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳೂ ಕನ್ನಡದಲ್ಲೇ ಉತ್ತರಿಸುತ್ತವೆ. ತಪ್ಪನ್ನೂ ಸರಿಯನ್ನೂ ಅವು ಒಂದೇ ಧೈರ್ಯದಿಂದ ಹೇಳಬಲ್ಲವು. ನಿಮ್ಮ ನಾಡಿ ಹಿಡಿದು, ಪಾದ ಮುಟ್ಟಿ ನೋಡಲಾರವು. ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಸಿದ್ಧಮಾಡಿಕೊಳ್ಳಲು ಬೇಕಾದರೆ ಬಳಸಿರಿ.

ವಾದಿಸುವುದಾದರೆ ಹೇಗೆ?

ವಾದವೇ ಬೇಡವೆಂದು ನಾನು ಹೇಳಲಾರೆ. ನಮ್ಮದು ಮಡಿವಾಳ ಮಾಚಿದೇವರ ಊರು. ಅವರು ಇಲ್ಲಿಂದ ಕಲ್ಯಾಣಕ್ಕೆ ಹೋಗಿ ಸೇರಿದ್ದು ಪ್ರಶ್ನೆ ಕೇಳುವವರ, ಉತ್ತರ ಹುಡುಕುವವರ ಕೂಟವನ್ನೇ. ಆದರೆ ಅಲ್ಲಿ ಶರಣರು ಎದುರುಬದುರು ಕುಳಿತಿದ್ದರು. ಮುಖ ಕಂಡಾಗ ನಾಲಿಗೆಗೆ ಒಂದು ಹದ ಬರುತ್ತದೆ. ಮೊಬೈಲಿನಲ್ಲಿ ಮುಖವಿಲ್ಲ.

ಆ ರೈತರು ಕಲಿಸಿದ ಮೇಲೆ ನಾನು ಮೂರು ನಿಯಮ ಇಟ್ಟುಕೊಂಡಿದ್ದೇನೆ. ಬರೆದವನನ್ನು ಬಯ್ಯುವುದಿಲ್ಲ, ಬರೆದದ್ದು ಏಕೆ ತಪ್ಪು ಎಂದು ನಾಲ್ಕು ಸಾಲಿನಲ್ಲಿ ತಿಳಿಯುವಂತೆ ಹೇಳುತ್ತೇನೆ. ಅವನ ಮಾತಿನಲ್ಲಿ ನಿಜವಿದ್ದಷ್ಟನ್ನು ಮೊದಲು ಒಪ್ಪುತ್ತೇನೆ, ಏಕೆಂದರೆ ಮಾತ್ರೆಗಳಿಗೆ ಅಡ್ಡಪರಿಣಾಮ ಇರುವುದು ಸುಳ್ಳಲ್ಲ. ಎರಡು ಸಲ ಹೇಳಿ ನಿಲ್ಲಿಸುತ್ತೇನೆ. ಉತ್ತರ ಬರೆಯುವುದು ವಾದ ಮಾಡುವವನಿಗಾಗಿ ಅಲ್ಲ, ಸುಮ್ಮನೆ ಓದುತ್ತಿರುವ ನೂರಾರು ಜನರಿಗಾಗಿ. ಅವರಲ್ಲಿ ಯಾರ ಕೈಯಲ್ಲಿ ಮಾತ್ರೆ ಇದೆಯೋ ನಮಗೆ ತಿಳಿಯದು.

ಮನೆಯ ಹಿರಿಯರು ಇಂಥ ಸಂದೇಶ ತೋರಿಸಿದರೆ ಮಕ್ಕಳು ನಗಬಾರದು. ನಕ್ಕರೆ ಅವರು ತೋರಿಸುವುದನ್ನು ಬಿಡುತ್ತಾರೆ, ನಂಬುವುದನ್ನು ಬಿಡುವುದಿಲ್ಲ. "ಬರ್ರಿ ಅಪ್ಪಾ, ಡಾಕ್ಟರಿಗೆ ಒಂದು ಮಾತು ಕೇಳೂಣು" ಎನ್ನಿ.

ವಾದದ ಚಟವೂ ಆರೋಗ್ಯಕ್ಕೆ ಕೆಡುಕು. ಸಿಟ್ಟು ಬಂದಾಗ ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ, ನಿದ್ದೆ ದೂರವಾಗುತ್ತದೆ. ಮಲಗುವ ಒಂದು ತಾಸು ಮುಂಚೆ ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಯಾರದೋ ಮಾತು ಮನಸ್ಸನ್ನು ದಿನಗಟ್ಟಲೆ ಕೊರೆಯುತ್ತಿದ್ದರೆ, ನಿದ್ದೆ ಊಟ ತಪ್ಪಿದ್ದರೆ, ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಆ ರೈತರು ಈಗ ಪ್ರತಿ ತಿಂಗಳು ಬರುತ್ತಾರೆ. ಮಾತ್ರೆ ತಪ್ಪಿಸಿಲ್ಲ. ಕ್ರಿಯಾಟಿನಿನ್ ಪರೀಕ್ಷೆಯ ಚೀಟಿಯನ್ನು ಅವರ ಕೈಗೇ ಕೊಟ್ಟು ಅಂಕಿಯನ್ನು ಓದಿಸುತ್ತೇನೆ. ಕಳೆದ ಸಲ ಬಂದಾಗ ಆ ಚೀಟಿಯ ಚಿತ್ರ ತೆಗೆದು ಅದೇ ಗುಂಪಿಗೆ ಹಾಕಿದರು. ಕೆಳಗೆ ಒಂದೇ ಸಾಲು ಬರೆದರು: "ನನ್ನ ಕಿಡ್ನಿ ಛಲೋ ಅದಾವ. ಗುಳಿಗಿ ಬಿಟ್ಟು ಬೆರಳು ಕಳಕೊಂಡೀನಿ. ನೀವು ಬಿಡಬ್ಯಾಡ್ರಿ."