ಸ್ನಾನದ ನೀರಿಗೆ ಕೈ ಅದ್ದಿ ನೋಡಿದರೆ ಸಾಕೇ?

ನಮ್ಮ ಅಂತರಸಂತೆ ಕಡೆ ಈಗಲೂ ಹಲವು ಮನೆಗಳಲ್ಲಿ ಸ್ನಾನದ ನೀರು ಕಾಯುವುದು ಬಚ್ಚಲ ಒಲೆಯ ಹಂಡೆಯಲ್ಲಿ, ಇಲ್ಲವೇ ಸೌದೆ ಹಾಕುವ ತಾಮ್ರದ ಬಾಯ್ಲರಿನಲ್ಲಿ. "ಪಾನಿ ಗರಂ ಹುವಾ ಕ್ಯಾ?" ಎಂದು ನಮ್ಮ ದಾದಿ ಕೇಳಿದರೆ, ಯಾರಾದರೂ ಬೆರಳು ಅದ್ದಿ ನೋಡಿ ಉತ್ತರ ಹೇಳುತ್ತಾರೆ.

ಆದರೆ ಕೈಯನ್ನು ನಂಬುವಂತಿಲ್ಲ. ಒಂದು ಕೈಯನ್ನು ತಣ್ಣೀರಿನಲ್ಲಿ, ಇನ್ನೊಂದನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಇಟ್ಟು, ನಂತರ ಎರಡನ್ನೂ ಉಗುರುಬೆಚ್ಚಗಿನ ನೀರಿಗೆ ಹಾಕಿ ನೋಡಿ. ಅದೇ ನೀರು ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಂಪು!

ಇದು ಸಣ್ಣ ವಿಷಯವಲ್ಲ. 60 ಡಿಗ್ರಿ ಸೆಲ್ಸಿಯಸ್ ನೀರು ದೊಡ್ಡವರ ಚರ್ಮವನ್ನೂ ಸುಮಾರು 5 ಸೆಕೆಂಡಿನಲ್ಲಿ ಸುಟ್ಟುಬಿಡುತ್ತದೆ. ಮಕ್ಕಳ ಮತ್ತು ವಯಸ್ಸಾದವರ ಚರ್ಮ ಇನ್ನೂ ತೆಳು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಬಿಸಿ ಗೊತ್ತೇ ಆಗದಿರಬಹುದು.

ಹಾಗಾದರೆ ಅಳೆಯುವುದು ಹೇಗೆ? ಜ್ವರದ ಥರ್ಮಾಮೀಟರ್ ಬೇಡ. ಅದು ಸುಮಾರು 42 ಡಿಗ್ರಿಯವರೆಗೆ ಮಾತ್ರ ತೋರಿಸುತ್ತದೆ, ಬಿಸಿನೀರಿಗೆ ಹಾಕಿದರೆ ಒಡೆಯಬಹುದು. ಸ್ಟೀಲ್ ಕಡ್ಡಿಯಿರುವ, ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್ ಒಳ್ಳೆಯದು. ದೂರದಿಂದ ಹಿಡಿಯುವ ಗನ್ ಹೊಳೆಯುವ ತಾಮ್ರದ ಮೇಲೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಅಕೌಂಟೆನ್ಸಿಯಲ್ಲಿ ಲೆಕ್ಕ ತಾಳೆ ನೋಡುವಂತೆ ಥರ್ಮಾಮೀಟರನ್ನೂ ತಾಳೆ ನೋಡಬೇಕು. ಕರಗುತ್ತಿರುವ ಐಸಿನ ನೀರಿನಲ್ಲಿ ಅದು 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ಬರಲಿಲ್ಲವೆಂದು ಅದನ್ನು ಎಸೆಯಬೇಡಿ! ನಮ್ಮ ಪಕ್ಕದ ಕಬಿನಿ ಜಲಾಶಯದ ಗರಿಷ್ಠ ಮಟ್ಟವೇ ಸಮುದ್ರಮಟ್ಟದಿಂದ 2,284 ಅಡಿ, ಅಂದರೆ ಸುಮಾರು 696 ಮೀಟರ್. ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಯುವ ಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ. ಆದ್ದರಿಂದ ನಮ್ಮಲ್ಲಿ ನೀರು ಸುಮಾರು 98 ಡಿಗ್ರಿಯಲ್ಲೇ ಕುದಿಯುತ್ತದೆ.

ಬಿಸಿನೀರು ಹಗುರವಾದ್ದರಿಂದ ಮೇಲಕ್ಕೆ ಬರುತ್ತದೆ. ಬಾಯ್ಲರ್ ಮತ್ತು ಸೋಲಾರ್ ಟ್ಯಾಂಕಿನ ಮೇಲೆ ಒಂದು ಬಿಸಿ, ಕೆಳಗೆ ಇನ್ನೊಂದು. ಹಾಗಾಗಿ ಅಲ್ಲಿ ಅಳೆದರೆ ಸಾಲದು, ಸ್ನಾನದ ಬಕೆಟ್ಟಿನಲ್ಲೇ ಅಳೆಯಬೇಕು. ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಿ. ಚೊಂಬಿನಿಂದ ಚೆನ್ನಾಗಿ ಕಲಕಿ. ಕಡ್ಡಿಯನ್ನು ನೀರಿನ ನಡುವೆ ಹಿಡಿದು, ಅಂಕಿ ನಿಂತ ಮೇಲೆ ಓದಿ. ದೊಡ್ಡವರಿಗೆ 40 ಡಿಗ್ರಿ ಸಾಕು, ಪುಟ್ಟ ಮಕ್ಕಳಿಗೆ 37ರಿಂದ 38. ಅದಕ್ಕಿಂತ ಹೆಚ್ಚಿದ್ದರೆ ಇನ್ನೊಂದು ಚೊಂಬು ತಣ್ಣೀರು ಬೆರೆಸಿ, ಮತ್ತೆ ನೋಡಿ.