ಡೆನ್ಮಾರ್ಕಿನ ನೆರವು, ನಮ್ಮ ಕಾರ್ಖಾನೆಯ ಒಂದು ವರ್ಷ

ವೃತ್ತಿ ತರಬೇತಿಯಲ್ಲಿ ಹೊರದೇಶದ ಸಹಭಾಗಿತ್ವ ಕರ್ನಾಟಕಕ್ಕೆ ಹಳೆಯದು. ಡೆನ್ಮಾರ್ಕ್ ಸರ್ಕಾರದ ನೆರವಿನೊಡನೆ 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದಕ್ಕೆ ನಿದರ್ಶನ. ಇಲ್ಲಿ ಉತ್ಪಾದನೆಯೂ ಬೋಧನೆಯೂ ಜೊತೆಯಾಗಿ ನಡೆಯುತ್ತವೆ. ಎಸ್ಸೆಸ್ಸೆಲ್ಸಿ ಮುಗಿಸಿದವರು ಸೇರಬಹುದಾದ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕೇಂದ್ರದಲ್ಲಿ, ನಾಲ್ಕನೆಯ ವರ್ಷ ಕೈಗಾರಿಕೆಯಲ್ಲಿ ಕಲಿಕೆ.

ಆ ನಾಲ್ಕನೆಯ ವರ್ಷದ ಪಾಠ ಉದ್ಯಮಿಗಳ ಹೊಣೆ. ಇದು ದೊಡ್ಡ ಕಂಪನಿಗಳ ಸೊತ್ತೆಂದು ಅಮೃತೂರು ಹೋಬಳಿಯ ಸಣ್ಣ ಉತ್ಪಾದಕರು ಹಿಂಜರಿಯಬೇಕಾಗಿಲ್ಲ. ಅಭ್ಯರ್ಥಿಯ ಕೈಗುಣವನ್ನು ನೇಮಕಕ್ಕೆ ಮುನ್ನವೇ ಅರಿಯುವ ಅವಕಾಶವಿದು. ಆದರೆ ನುರಿತ ಕುಶಲಕರ್ಮಿಯೊಬ್ಬರ ವೇಳೆಯನ್ನು ಇದಕ್ಕೆ ಮೀಸಲಿಡಬೇಕು. ಚಹಾ ತರಲು, ಲೋಡು ಇಳಿಸಲು ಅಟ್ಟಿದರೆ ಇಬ್ಬರಿಗೂ ನಷ್ಟ. ಆಸಕ್ತರು ತುಮಕೂರಿನ ಜಿಟಿಟಿಸಿಯಲ್ಲಿ ವಿಚಾರಿಸಿ, ಶಿಷ್ಯವೇತನ ಹಾಗೂ ಕಲಿಸಬೇಕಾದ ಕೆಲಸಗಳ ವಿವರವನ್ನು ಲಿಖಿತವಾಗಿ ಪಡೆಯುವುದು ಒಳಿತು.